ಒಂದೇ ಅಕ್ಷಾಂಶ, ಎರಡು ಮಳೆ

ಗೋವಾದ ಡಿಚೋಲಿ, ನಮ್ಮ ಕೊಪ್ಪಳ ಎರಡೂ ಭೂಪಟದಲ್ಲಿ ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ. ಎರಡೂ ಉತ್ತರ ಅಕ್ಷಾಂಶ 15 ಮತ್ತು 16 ಡಿಗ್ರಿಗಳ ನಡುವಿನ ಊರುಗಳು. ನೇರ ಅಳೆದರೆ ಸುಮಾರು 240 ಕಿಲೋಮೀಟರ್ ದೂರ. ಹಗಲಿನ ಉದ್ದ ಎರಡು ಕಡೆಯೂ ಅಷ್ಟೇ, ಸೂರ್ಯ ನೆತ್ತಿಗೆ ಬರುವ ದಿನಗಳೂ ಅವೇ. ಆದರೆ ಕೊಪ್ಪಳ ಜಿಲ್ಲೆಯ ಬಂಡೆಗುಡ್ಡಗಳ ನಡುವೆ ಹೈದರಾಬಾದಿನ ಉದ್ಯಮಿ ದಂಪತಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ಕಟ್ಟಿದ ಕೆಆರ್‌ಎಸ್‌ಎಂಎ ಎಸ್ಟೇಟ್ಸ್ ಎಂಬ ಚಿಕ್ಕ ದ್ರಾಕ್ಷಿ ತೋಟವಿದೆ. ಅದರ ಕ್ಯಾಬರ್ನೆ ಸೊವಿನ್ಯೋ ಕೆಂಪು ವೈನನ್ನು ಬಲ್ಲವರು ಹುಡುಕಿಕೊಂಡು ಹೋಗುತ್ತಾರೆ. ಡಿಚೋಲಿಯಲ್ಲಿ ವೈನಿಗೆಂದು ದ್ರಾಕ್ಷಿ ಬೆಳೆಯುವ ಪರಿಪಾಠವೇ ಇಲ್ಲ. ನಾಲ್ಕೂವರೆ ಶತಮಾನ ಪೋರ್ಚುಗೀಸರ ಆಳ್ವಿಕೆ ಕಂಡ ನಾಡು ಗೋವಾ. ವೈನಿಲ್ಲದೆ ಊಟವೂ ಇಲ್ಲ, ಪೂಜೆಯೂ ಇಲ್ಲ ಎಂಬ ಜನ ಅಲ್ಲಿದ್ದು ಹೋದರು. ಆಸಕ್ತಿ ಇಲ್ಲದ್ದರಿಂದ ಬಳ್ಳಿ ಬರಲಿಲ್ಲ ಎನ್ನಲು ಬರುವುದಿಲ್ಲ. ಕಾರಣವನ್ನು ಬೇರೆಲ್ಲೋ ಹುಡುಕಬೇಕು.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಒಳ್ಳೆಯ ವೈನ್ ದ್ರಾಕ್ಷಿ 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಮಾತ್ರ ಬರುತ್ತದೆ ಎಂಬುದು ಒಂದು. ಪಠ್ಯಪುಸ್ತಕಗಳು ಬಹುಕಾಲ ಹೇಳಿದ ಈ ಸೂತ್ರ ನಿಜವಾಗಿದ್ದರೆ ಕೊಪ್ಪಳದಲ್ಲೂ ತೋಟ ಇರಬಾರದಿತ್ತು. ಎಲ್ಲ ಗುಣವೂ ಮಣ್ಣಿನದು ಎಂಬುದು ಇನ್ನೊಂದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಜನ ಅಂದುಕೊಂಡ ಬಗೆಯಲ್ಲಿ ಅಲ್ಲ. ನನ್ನ ವಾದ ಬೇರೆ. ಉಷ್ಣವಲಯದಲ್ಲಿ ಕೆಂಪು ವೈನಿನ ಗುಣವನ್ನು ತೀರ್ಮಾನಿಸುವುದು ಅಕ್ಷಾಂಶವೂ ಅಲ್ಲ, ಕಲ್ಲುಮಣ್ಣಿನ ರುಚಿಯೂ ಅಲ್ಲ, ನೀರಿನ ಕ್ಯಾಲೆಂಡರು. ಮಳೆ ಯಾವ ತಿಂಗಳು ಬರುತ್ತದೆ, ಎಷ್ಟು ದಿನ ಎಲೆಯನ್ನು ಒದ್ದೆಯಾಗಿ ಇಡುತ್ತದೆ, ಹಣ್ಣಾಗುವ ಹೊತ್ತಿಗೆ ಬೇರಿಗೆ ಎಷ್ಟು ಬಾಯಾರಿಕೆ ಇರುತ್ತದೆ ಎಂಬ ಮೂರು ಸಂಗತಿಗಳು ಕೂಡಿ ಬಂದ ಕಡೆ, ಬಳ್ಳಿಯ ಕಾಲವನ್ನು ರೈತ ತನ್ನ ಕತ್ತರಿಯಿಂದ ಹಿಂದೆ ಮುಂದೆ ಸರಿಸಬಲ್ಲ. ಸಹ್ಯಾದ್ರಿಯ ಪೂರ್ವಕ್ಕೆ ಆ ಸ್ವಾತಂತ್ರ್ಯ ಇದೆ, ಪಶ್ಚಿಮಕ್ಕೆ ಇಲ್ಲ.

ಕತ್ತರಿಯ ಮಾತನ್ನು ಕೊಂಚ ಬಿಡಿಸಿ ಹೇಳಬೇಕು. ಫ್ರಾನ್ಸಿನ ಬೋರ್ಡೋದಲ್ಲಿ ಚಳಿಗಾಲ ಬಂದಾಗ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವಸಂತದಲ್ಲಿ ಏಳುತ್ತದೆ, ಶರತ್ಕಾಲದಲ್ಲಿ ಹಣ್ಣು ಕೊಡುತ್ತದೆ. ಅಲ್ಲಿ ಬಳ್ಳಿಯ ವೇಳಾಪಟ್ಟಿ ಬರೆಯುವುದು ಚಳಿ. ನಮ್ಮಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಇಲ್ಲ. ಸುಮ್ಮನೆ ಬಿಟ್ಟರೆ ಅದು ವರ್ಷವಿಡೀ ಹಸಿರಾಗಿಯೇ ಹಬ್ಬುತ್ತದೆ, ಅಲ್ಲೊಂದು ಇಲ್ಲೊಂದು ಗೊನೆ ಬಿಡುತ್ತದೆ. ಹಾಗಾಗಿ ವಿಜಯಪುರ, ಬಾಗಲಕೋಟೆಯ ರೈತರು ವರ್ಷಕ್ಕೆ ಎರಡು ಬಾರಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಹಳೆಯ ಕಡ್ಡಿಗಳನ್ನು ಅವುಗಳ ಬುಡದ ಹತ್ತಿರಕ್ಕೆ ಕತ್ತರಿಸಿ ಹೊಸ ಕಡ್ಡಿ ಬರಿಸುತ್ತಾರೆ. ಆ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊನೆಗಳ ಅಂಕುರ ಮೂಡುತ್ತದೆ; ಮಳೆಗಾಲ ಮುಗಿಯುವುದರೊಳಗೆ ಕಡ್ಡಿ ಕಂದು ತಿರುಗಿ ಬಲಿಯುತ್ತದೆ. ಸೆಪ್ಟೆಂಬರ್-ಅಕ್ಟೋಬರಿನ ಎರಡನೆಯ ಚಾಟ್ನಿಯಲ್ಲಿ ಆ ಬಲಿತ ಕಡ್ಡಿಯನ್ನು ಕೆಲವೇ ಕಣ್ಣು ಉಳಿಸಿ ಕತ್ತರಿಸುತ್ತಾರೆ. ಎಲ್ಲ ಕಣ್ಣುಗಳೂ ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ದ್ರಾವಣ ಹಚ್ಚುತ್ತಾರೆ. ಇಲ್ಲಿ ಇಲ್ಲದ ಚಳಿಯ ಕೆಲಸವನ್ನು ಒಂದು ರಾಸಾಯನಿಕ ಮಾಡುತ್ತದೆ. ಚಿಗುರು, ಹೂವು, ಕಾಯಿ, ಹಣ್ಣು ಎಲ್ಲವೂ ಒಣಹವೆಯಲ್ಲಿ ಸಾಗಿ ಫೆಬ್ರುವರಿ-ಮಾರ್ಚಿಗೆ ಕೊಯ್ಲು. ಏಪ್ರಿಲ್‌ನಿಂದ ಎಣಿಸಿದ ವರ್ಷದ ಮೊದಲರ್ಧದಲ್ಲಿ ಕಡ್ಡಿಯ ಬೆಳೆ, ಉಳಿದರ್ಧದಲ್ಲಿ ಹಣ್ಣಿನ ಬೆಳೆ ಎಂದುಕೊಂಡರೆ ಸಾಕು. ಮುಂದಿನ ಮಾತೆಲ್ಲ ಈ ಎರಡು ಅರ್ಧಗಳ ಮೇಲೆ ನಿಂತಿದೆ.

ಒಣಹವೆ ಯಾಕೆ ಬೇಕು? ಬಹುತೇಕ ಕೆಂಪು ತಳಿಗಳ ರಸಕ್ಕೆ ಬಣ್ಣವಿರುವುದಿಲ್ಲ. ಕೆಂಪೆಲ್ಲ ಸಿಪ್ಪೆಯದು. ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ಬಣ್ಣದ ಕಣಗಳಿವೆ, ಬಾಯಿಯನ್ನು ಒಗರಾಗಿಸುವ ಟ್ಯಾನಿನ್‌ಗಳಿವೆ. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುವುದು ಇವುಗಳಿಗಾಗಿಯೇ. ಇವು ಎಷ್ಟು ಕೂಡುತ್ತವೆ ಎಂಬುದು ಬಳ್ಳಿಗೆ ಸಿಕ್ಕ ನೀರಿನ ಮೇಲೆ ನಿಂತಿದೆ ಎಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಮಾರ್ಕ್ ಮ್ಯಾಥ್ಯೂಸ್ ಮತ್ತು ಮೈಕೆಲ್ ಆಂಡರ್ಸನ್ 1988ರಲ್ಲೇ ತೋರಿಸಿದರು: ಕಾಯಿ ಬಣ್ಣಕ್ಕೆ ತಿರುಗುವ ಮೊದಲು ಅಥವಾ ನಂತರ ನೀರನ್ನು ಬಿಗಿಹಿಡಿದ ಬಳ್ಳಿಗಳ ಹಣ್ಣಿನಲ್ಲಿ ಫಿನಾಲ್ ವರ್ಗದ ಈ ಪದಾರ್ಥಗಳ ಸಾಂದ್ರತೆ ಹೆಚ್ಚಿತ್ತು. ಕಾಯಿ ಚಿಕ್ಕದಾಗಿ ಸಿಪ್ಪೆಯ ಪಾಲು ಹೆಚ್ಚುವುದೇ ಕಾರಣ ಎಂದು ವೈನ್ ಮಾಡುವವರು ಬಹುಕಾಲ ಹೇಳಿಕೊಂಡು ಬಂದರು. 2004ರಲ್ಲಿ ಮ್ಯಾಥ್ಯೂಸ್ ಅವರ ತಂಡವೇ ಇದನ್ನು ಪರೀಕ್ಷಿಸಿತು. ಒಂದೇ ಗಾತ್ರದ ಕಾಯಿಗಳನ್ನು ಹೋಲಿಸಿದಾಗಲೂ ಬಾಯಾರಿದ ಬಳ್ಳಿಯ ಸಿಪ್ಪೆಯಲ್ಲಿ ಬಣ್ಣ ಮತ್ತು ಟ್ಯಾನಿನ್ ಹೆಚ್ಚಿದ್ದವು. ಅಂದರೆ ಕಾಯಿ ಚಿಕ್ಕದಾಗುವುದು ಜೊತೆಯಲ್ಲಿ ಬರುವ ಲಕ್ಷಣ, ಮುಖ್ಯ ಕಾರಣವಲ್ಲ. 2007ರಲ್ಲಿ ಸಿಮೋನೆ ಕಾಸ್ಟೆಲ್ಲರಿನ್ ಮತ್ತು ಸಂಗಡಿಗರು ಇನ್ನೂ ಒಳಗಿಳಿದು, ನೀರಿನ ಕೊರತೆ ಆಂಥೋಸಯನಿನ್ ತಯಾರಿಸುವ ಜೀನುಗಳನ್ನೇ ಚುರುಕುಗೊಳಿಸುತ್ತದೆ ಎಂದು ಕ್ಯಾಬರ್ನೆ ಸೊವಿನ್ಯೋದಲ್ಲಿ ತೋರಿಸಿದರು. ಬರಗಾಲದ ಜಿಲ್ಲೆ ಎಂದು ನಾವು ಮರುಗುವ ಕೊಪ್ಪಳಕ್ಕೆ ಈ ವಿಷಯದಲ್ಲಿ ಒಂದು ಸೌಲಭ್ಯ ಒದಗಿದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೇಗ ಬಸಿಯುವ ಮಸಾರಿ ನೆಲ, ಚಳಿಗಾಲದಲ್ಲಿ ಬಹುತೇಕ ಮಳೆಯಿಲ್ಲ. ಬಳ್ಳಿಗೆ ಎಷ್ಟು ನೀರು ಬೇಕೋ ಅಷ್ಟನ್ನು ಹನಿ ನೀರಾವರಿಯಲ್ಲಿ ಅಳೆದು ಕೊಡಬಹುದು, ಬೇಡವೆನಿಸಿದಾಗ ನಿಲ್ಲಿಸಬಹುದು. ಸುರಿಯುವ ಮಳೆಯನ್ನು ನಿಲ್ಲಿಸುವ ನಲ್ಲಿ ಯಾರ ಕೈಯಲ್ಲೂ ಇಲ್ಲ.

ಇಲ್ಲಿ ಡಿಚೋಲಿಯ ಪರವಾಗಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಡಿಸೆಂಬರಿನಿಂದ ಮೇ ತನಕ ಗೋವಾದಲ್ಲೂ ಮಳೆ ಇಲ್ಲವಲ್ಲ? ಹಣ್ಣು ಮಾಗುವುದು ಫೆಬ್ರುವರಿ-ಮಾರ್ಚಿನಲ್ಲಾದರೆ ಆಗ ಡಿಚೋಲಿಯ ಆಕಾಶವೂ ಅಷ್ಟೇ ನೀಲಿ. ಮುರಕಲ್ಲಿನ ನೆಲ ಮಳೆ ನಿಂತ ಮೇಲೆ ಬೇಗ ಒಣಗುತ್ತದೆ. ಬಾಯಾರಿಕೆಯೇ ಬೇಕಿದ್ದರೆ ಅದೂ ಇದೆ. ಹಣ್ಣಿನ ಬೆಳೆಯ ಅರ್ಧವನ್ನಷ್ಟೇ ನೋಡಿದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಉತ್ತರ ಇರುವುದು ಕಡ್ಡಿಯ ಬೆಳೆಯ ಅರ್ಧದಲ್ಲಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಏಪ್ರಿಲ್ ಚಾಟ್ನಿಯ ನಂತರ ಹೊಸ ಕಡ್ಡಿ ಎಲೆ ಹರಡಿ, ಬಿಸಿಲು ಕುಡಿದು, ಹಿಟ್ಟು ಕೂಡಿಸಿಕೊಂಡು ಬಲಿಯಬೇಕಾದ ತಿಂಗಳುಗಳೇ ಇವು. ಕಣ್ಣಿನೊಳಗೆ ಗೊನೆಯ ಅಂಕುರ ಮೂಡಲು ಬೆಳಕು ಬೇಕು. ದಟ್ಟ ಮೋಡದ ಕೆಳಗೆ ಮೂಡುವ ಅಂಕುರಗಳಲ್ಲಿ ಹಲವು ಗೊನೆಯಾಗುವ ಬದಲು ಬಳ್ಳಿಯ ಕುಡಿಯಾಗಿ ತಿರುಗಿಬಿಡುತ್ತವೆ. ಅದಕ್ಕಿಂತ ದೊಡ್ಡ ಕಂಟಕ ರೈತರು ಡೌನಿ ಎಂದು ಕರೆಯುವ ಬೂಜುತುಪ್ಪಟ ರೋಗ. ಪ್ಲಾಸ್ಮೊಪಾರಾ ವಿಟಿಕೋಲಾ ಎಂಬ ಈ ಸೂಕ್ಷ್ಮಜೀವಿಯ ಬೀಜಕಣಗಳು ಎಲೆಯ ಮೇಲಿನ ನೀರಿನ ಪೊರೆಯಲ್ಲಿ ಈಜುತ್ತಾ ಪತ್ರರಂಧ್ರ ಹುಡುಕಿ ಒಳನುಗ್ಗುತ್ತವೆ. ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಅವಕ್ಕೆ ಸಾಕು. ಡಿಚೋಲಿಯ ಜುಲೈನಲ್ಲಿ ಎಲೆ ಒಣಗುವುದೇ ಅಪರೂಪ. ಎಲೆ ಕಳೆದುಕೊಂಡ ಕಡ್ಡಿ ಬಲಿಯುವುದಿಲ್ಲ. ಬಲಿಯದ ಕಡ್ಡಿಯನ್ನು ಅಕ್ಟೋಬರಿನಲ್ಲಿ ಎಷ್ಟು ಕುಶಲವಾಗಿ ಕತ್ತರಿಸಿದರೂ ಗೊನೆ ಬಾರದು. ಜನವರಿಯ ನೀಲಿ ಆಕಾಶದಿಂದ ಆಗ ಪ್ರಯೋಜನವಿಲ್ಲ.

ಔಷಧಿ ಹೊಡೆದರಾಯಿತಲ್ಲ ಎಂದು ಮಲೆನಾಡಿನ ಯಾವ ತೋಟಿಗರಾದರೂ ಕೇಳಿಯಾರು, ಕೇಳುವ ಹಕ್ಕೂ ಅವರಿಗಿದೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಡೌನಿ ರೋಗ ಅಮೆರಿಕದಿಂದ ಫ್ರಾನ್ಸಿಗೆ ಬಂದು ತೋಟಗಳನ್ನು ಬೋಳಿಸುತ್ತಿದ್ದಾಗ 1885ರಲ್ಲಿ ಬೋರ್ಡೋದ ಸಸ್ಯವಿಜ್ಞಾನಿ ಅಲೆಕ್ಸಿಸ್ ಮಿಯಾರ್ಡೆ ಇದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಅಡಿಕೆ ತೋಟಕ್ಕೆ ಒಗ್ಗಿಸಿದರು. ಕೊಳೆರೋಗ ತರುವ ಫೈಟಾಫ್ತೊರಾ ಮತ್ತು ದ್ರಾಕ್ಷಿಯ ಪ್ಲಾಸ್ಮೊಪಾರಾ ಒಂದೇ ಊಮೈಸೀಟ್ ಗುಂಪಿನವು, ಹಾಗಾಗಿ ಮದ್ದು ಒಂದೇ. ಅಡಿಕೆಯನ್ನು ಉಳಿಸಿದ ಮದ್ದು ಡಿಚೋಲಿಯಲ್ಲಿ ದ್ರಾಕ್ಷಿಯನ್ನು ಉಳಿಸಲಾರದೆ? ಅಡಿಕೆಯಲ್ಲಿ ಕಾಪಾಡಬೇಕಾದ್ದು ಮುಖ್ಯವಾಗಿ ಗೊನೆ. ಮಳೆಗಾಲದಲ್ಲಿ ಎರಡು ಮೂರು ಸಲ ಗೊನೆಗೆ ಹೊಡೆದರೆ ಬೆಳೆ ಕೈಗೆ ಬರುತ್ತದೆ. ದ್ರಾಕ್ಷಿಯಲ್ಲಿ ಕಾಪಾಡಬೇಕಾದ್ದು ಪ್ರತಿ ಎಲೆಯನ್ನು, ಮತ್ತು ಎಲೆ ದಿನದಿನವೂ ಹೊಸದು ಬರುತ್ತಲೇ ಇರುತ್ತದೆ. ನಿನ್ನೆ ಹೊಡೆದ ಔಷಧಿ ಇವತ್ತಿನ ಚಿಗುರಿನ ಮೇಲಿಲ್ಲ. ಇದ್ದದ್ದನ್ನೂ ರಾತ್ರಿಯ ಮಳೆ ತೊಳೆದಿರುತ್ತದೆ. ನಾಲ್ಕು ತಿಂಗಳು ಹೀಗೆ ಹೊಡೆಯುತ್ತಾ ಹೋದರೆ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಕರಗಿ ಕಾಣೆಯಾಗುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯಡಿ ಬೆಳೆಯಬಹುದು, ಮಹಾರಾಷ್ಟ್ರದಲ್ಲಿ ತಿನ್ನುವ ದ್ರಾಕ್ಷಿಗೆ ಅದನ್ನು ಬಳಸುವವರಿದ್ದಾರೆ. ಆದರೆ ಹೊದಿಕೆ ಮಳೆಯನ್ನು ತಡೆದೀತು, ಕರಾವಳಿಯ ತೇವದ ಗಾಳಿಯನ್ನೂ ಮೋಡವನ್ನೂ ತಡೆಯದು.

ಡಿಚೋಲಿಯ ನೆಲ ಯಾರಿಗೆ ಒಪ್ಪಿದೆ ಎಂಬುದನ್ನು ಅಲ್ಲಿನ ಗುಡ್ಡಗಳೇ ಹೇಳುತ್ತವೆ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರು ಅಲ್ಲಿ ಊರಿನ ಮರವೇ ಆಗಿಹೋಯಿತು. ಗೇರಿನ ತೊಗಲಿನಂಥ ಎಲೆ ಮಳೆಗಾಲವನ್ನು ತಡೆದುಕೊಳ್ಳುತ್ತದೆ, ಆಳದ ಬೇರು ಬೇಸಿಗೆಯನ್ನು ದಾಟಿಸುತ್ತದೆ, ಹೂವು ಹಣ್ಣು ಎರಡೂ ಒಣ ತಿಂಗಳುಗಳಲ್ಲೇ ಬರುತ್ತವೆ. ಯಾರೂ ಅದರ ಕಾಲವನ್ನು ಕತ್ತರಿಯಿಂದ ಸರಿಪಡಿಸಬೇಕಿಲ್ಲ. ಮಾರ್ಚಿನಿಂದ ಮೇವರೆಗೆ ಮನೆತನದ ಭಟ್ಟಿಗಳಲ್ಲಿ ಗೇರುಹಣ್ಣಿನ ರಸ ಹುದುಗಿ, ಮೊದಲು ಉರ್ರಾಕ್ ಆಗಿ, ಮತ್ತೆ ಬಟ್ಟಿಯಿಳಿದು ಫೆನ್ನಿಯಾಗುತ್ತದೆ. ಗೋವಾದ ಗೇರು ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚಿಕ್ಕ ಹಿಡುವಳಿ, ಮನೆತನದ ಕೈಗಾರಿಕೆ, ಊರಿಗೇ ಅಂಟಿದ ಹೆಸರು ಎಂದು ನಾವು ಫ್ರಾನ್ಸಿನ ತೋಟಗಳಲ್ಲಿ ಮೆಚ್ಚುವ ಎಲ್ಲವೂ ಡಿಚೋಲಿ ಮತ್ತು ನೆರೆಯ ಸತ್ತರಿಯ ಭಟ್ಟಿಗಳಲ್ಲಿ ಇದ್ದೇ ಇವೆ. ಇಲ್ಲದಿರುವುದು ದ್ರಾಕ್ಷಿಗೆ ಬೇಕಾದ ಕ್ಯಾಲೆಂಡರು ಮಾತ್ರ. ಗೋವಾದ ಅಂಗಡಿಗಳಲ್ಲಿ ಸಿಗುವ ಸಿಹಿ ಕೆಂಪು ಪೋರ್ಟ್ ವೈನನ್ನು ತೋರಿಸಿ ಯಾರಾದರೂ ಎದುರು ವಾದಿಸಿದರೆ, ಅದರ ದ್ರಾಕ್ಷಿ ಬಹುಮಟ್ಟಿಗೆ ಘಟ್ಟದ ಮೇಲಿನದು ಎಂಬುದನ್ನು ನೆನಪಿಸಬೇಕು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಇಂಥ ವೈನ್ ಬಹಳ ಹಿಂದಿನಿಂದ ಒಂದು ಮಾರುಕಟ್ಟೆ. ವೈನ್ ತಯಾರಿಕೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಬಳ್ಳಿಯನ್ನು ಒಯ್ಯಲಾಗದು.

ರಾತ್ರಿಯ ತಂಪಿನ ಮಾತನ್ನೂ ಇಲ್ಲಿ ಮುಗಿಸಿಬಿಡೋಣ. ಬಯಲುಸೀಮೆಯ ತೋಟಗಳ ಹೊಗಳಿಕೆಯಲ್ಲಿ ಬಿಸಿ ಹಗಲು, ತಂಪು ರಾತ್ರಿ ಎಂಬುದು ತಪ್ಪದೆ ಬರುತ್ತದೆ. ಶಾಖ ಮುಖ್ಯವೇ: 2007ರಲ್ಲಿ ಜಪಾನಿನ ವಿಜ್ಞಾನಿಗಳು ಕ್ಯಾಬರ್ನೆ ಸೊವಿನ್ಯೋ ಬಳ್ಳಿಗಳನ್ನು 25 ಮತ್ತು 35 ಡಿಗ್ರಿ ಗರಿಷ್ಠ ಶಾಖದಲ್ಲಿ ಬೆಳೆಸಿ ನೋಡಿದಾಗ, ಹೆಚ್ಚು ಶಾಖದ ಹಣ್ಣಿನಲ್ಲಿ ಆಂಥೋಸಯನಿನ್ ಅರ್ಧಕ್ಕಿಂತಲೂ ಕಡಿಮೆಯಿತ್ತು. ಆದರೆ ಜನವರಿಯಲ್ಲಿ ಗೋವಾ ಮತ್ತು ಕೊಪ್ಪಳಗಳ ಹಗಲು-ರಾತ್ರಿಯ ಅಂತರದಲ್ಲಿ ಅಂಥ ಭಾರಿ ವ್ಯತ್ಯಾಸವಿಲ್ಲ. ಕೊಪ್ಪಳದಲ್ಲೂ ಮಾರ್ಚಿನ ಹಗಲು 35 ಡಿಗ್ರಿ ದಾಟುತ್ತದೆ. ಅಂದರೆ ಅಲ್ಲಿನ ರೈತ ಶಾಖದಿಂದ ತಪ್ಪಿಸಿಕೊಳ್ಳುವುದು ನೆಲದ ಬಲದಿಂದಲ್ಲ, ಕಾಯಿ ಬಣ್ಣ ತಿರುಗುವ ವಾರಗಳು ಜನವರಿಗೆ ಬೀಳುವಂತೆ ಚಾಟ್ನಿಯ ದಿನವನ್ನು ಲೆಕ್ಕ ಹಾಕುವುದರಿಂದ. ತಂಪು ಅವನಿಗೆ ಸಿಕ್ಕದ್ದಲ್ಲ, ಅವನು ಆರಿಸಿಕೊಂಡದ್ದು.

ಮಣ್ಣಿನ ವಾದಕ್ಕೆ ಹೆಚ್ಚು ಗೌರವದ ಉತ್ತರ ಸಲ್ಲಬೇಕು, ಯಾಕೆಂದರೆ ಇಡೀ ಫ್ರೆಂಚ್ ವೈನ್ ವ್ಯವಸ್ಥೆ ಅದರ ಮೇಲೆ ನಿಂತಿದೆ. ಬೋರ್ಡೋ ವಿಶ್ವವಿದ್ಯಾಲಯದ ಜೆರಾರ್ ಸೆಗಾಂ ಅಲ್ಲಿನ ಹೆಸರಾಂತ ತೋಟಗಳ ಮಣ್ಣನ್ನು ದಶಕಗಳ ಕಾಲ ಅಗೆದು ಪರೀಕ್ಷಿಸಿದವರು. ಆ ತೋಟಗಳಿಗೆಲ್ಲ ಸಮಾನವಾದ ಯಾವ ರಾಸಾಯನಿಕ ಗುಣವೂ ಸಿಗಲಿಲ್ಲ. ಸಮಾನವಾಗಿದ್ದದ್ದು ಒಂದೇ: ಮಳೆ ಹೆಚ್ಚಾದರೆ ಬಸಿದು ಹೋಗುವ, ಕಡಿಮೆಯಾದರೆ ಆಳದಿಂದ ತುಸುವೇ ನೀರು ಒದಗಿಸುವ ನೆಲ. ಬಂಡೆಯ ರುಚಿ ಬೇರಿನ ಮೂಲಕ ಹಣ್ಣಿಗೆ ಏರುತ್ತದೆ ಎಂಬ ನಂಬಿಕೆಯನ್ನು ವೇಲ್ಸ್‌ನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ನಯವಾಗಿಯೇ ಕೆಡವಿದ್ದಾರೆ. ಬಳ್ಳಿ ಹೀರುವುದು ನೀರಿನಲ್ಲಿ ಕರಗಿದ ಪೋಷಕಗಳನ್ನು, ಕಲ್ಲನ್ನಲ್ಲ, ಮತ್ತು ಬಂಡೆಯ ಬಹುತೇಕ ಖನಿಜಗಳಿಗೆ ರುಚಿಯೇ ಇಲ್ಲ. ಹಾಗಾದರೆ ಕೊಪ್ಪಳದ ತೋಟವಿರುವ ಹಂಪಿ ಸೀಮೆಯ ಗ್ರಾನೈಟ್ ಗುಡ್ಡಗಳಿಗೆ ಪಾತ್ರವಿಲ್ಲವೇ? ಇದೆ. ಅವು ಕರಗಿ ಆದ ಗರಸು ಮಿಶ್ರಿತ ಕೆಂಪು ನೆಲ ನೀರನ್ನು ಬಹಳ ಹೊತ್ತು ಹಿಡಿಯುವುದಿಲ್ಲ. ಪಕ್ಕದ ಎರೆ ಭೂಮಿ ತಿಂಗಳುಗಟ್ಟಲೆ ತೇವ ಹಿಡಿದು ಬಳ್ಳಿಯನ್ನು ಕೊಬ್ಬಿಸುತ್ತದೆ. ಮಣ್ಣಿನ ಮಹಿಮೆ ಎಂಬುದು ಕಡೆಗೆ ನೀರಿನ ಲೆಕ್ಕವೇ.

ನೀರಿನ ಕ್ಯಾಲೆಂಡರಿನ ಈ ವಾದಕ್ಕೆ ಅತ್ಯಂತ ಶುದ್ಧವಾದ ಪರೀಕ್ಷೆ ನಡೆದದ್ದು ಬ್ರೆಜಿಲ್‌ನಲ್ಲಿ. ಅಲ್ಲಿನ ಮಿನಾಸ್ ಜೆರಾಯಿಸ್ ರಾಜ್ಯ ಕಾಫಿಯ ಸೀಮೆ. ಬೇಸಿಗೆಯಲ್ಲೇ ಮಳೆ, ಚಳಿಗಾಲ ಒಣ. ವಾಡಿಕೆಯಂತೆ ಬೆಳೆದ ದ್ರಾಕ್ಷಿ ಮಳೆಯಲ್ಲೇ ಮಾಗಿ ಕೊಳೆಯುತ್ತಿತ್ತು. 2000ದ ದಶಕದ ಆರಂಭದಲ್ಲಿ ಮುರಿಲೊ ರೆಜಿನಾ ಎಂಬ ವಿಜ್ಞಾನಿ ಸಿರಾ ತಳಿಯ ಬಳ್ಳಿಗೆ ಎರಡು ಚಾಟ್ನಿ ಮಾಡಿ, ಬೇಸಿಗೆಯ ಗೊನೆಗಳನ್ನು ತೆಗೆದುಹಾಕಿ, ಕೊಯ್ಲನ್ನು ಒಣ ಚಳಿಗಾಲಕ್ಕೆ ಸರಿಸಿದರು. ನೆಲ ಅದೇ, ತಳಿ ಅದೇ, ಅಕ್ಷಾಂಶ ಅದೇ, ಬದಲಾದದ್ದು ತಿಂಗಳು. ಸಕ್ಕರೆ, ಬಣ್ಣ ಎರಡೂ ಏರಿದವು, ಇಂದು ಆ ಸೀಮೆಯಲ್ಲಿ ಹೆಸರು ಮಾಡಿದ ಚಿಕ್ಕ ತೋಟಗಳು ಹಲವಿವೆ. ಅಲ್ಲಿ ಹೊಸದೆನಿಸಿದ ಎರಡು ಚಾಟ್ನಿಯ ತಂತ್ರ ನಮ್ಮ ವಿಜಯಪುರದ ರೈತರಿಗೆ ಎಷ್ಟೋ ಹಿಂದಿನಿಂದ ಕೈವಶವಾಗಿತ್ತು ಎಂಬುದನ್ನು ಹೆಮ್ಮೆಯಿಂದ ಹೇಳಬಹುದು. ನಮ್ಮವರು ಅದನ್ನು ಬಹುಪಾಲು ತಿನ್ನುವ ಹಣ್ಣಿಗೂ ಒಣದ್ರಾಕ್ಷಿಗೂ ಬಳಸಿದರು, ಅಷ್ಟೇ.

ಹಾಗಾದರೆ ತೋಟ ಚಿಕ್ಕದಿರುವುದಕ್ಕೂ, ಒಂದು ಕುಟುಂಬದ್ದಾಗಿರುವುದಕ್ಕೂ ಗುಣಕ್ಕೂ ಸಂಬಂಧವೇನು? ಇಳುವರಿ ಕಡಿಮೆಯಾದಷ್ಟೂ ವೈನ್ ಶ್ರೇಷ್ಠ ಎಂಬ ಮಾತನ್ನು ಮ್ಯಾಥ್ಯೂಸ್ 2015ರ ತಮ್ಮ ಪುಸ್ತಕದಲ್ಲಿ ಪುರಾಣಗಳ ಸಾಲಿಗೆ ಸೇರಿಸಿದ್ದಾರೆ, ಅವರ ಸಾಕ್ಷ್ಯ ನನಗೆ ಬಹುಮಟ್ಟಿಗೆ ಒಪ್ಪಿಗೆ. ಚಿಕ್ಕದಾಗಿರುವುದು ತಾನೇ ಗುಣವಲ್ಲ. ಆದರೆ ಉಷ್ಣವಲಯದಲ್ಲಿ ಅದು ಗುಣಕ್ಕೆ ನೆರವಾಗುವ ಒಂದು ದಾರಿ ಇದೆ. ಚಳಿ ಬರೆಯಬೇಕಾದ ವೇಳಾಪಟ್ಟಿಯನ್ನು ಇಲ್ಲಿ ಮನುಷ್ಯ ಬರೆಯಬೇಕು. ಚಾಟ್ನಿಯ ದಿನ, ನೀರು ನಿಲ್ಲಿಸುವ ವಾರ, ಕೊಯ್ಲಿನ ಬೆಳಗು ಎಲ್ಲವೂ ತೀರ್ಮಾನಗಳು. ಮಾರ್ಚಿನ ಬಿಸಿಲಿನಲ್ಲಿ ಹುಳಿ ಬೇಗ ಇಳಿಯುತ್ತದೆ, ಸಕ್ಕರೆ ಬೇಗ ಏರುತ್ತದೆ. ನಾಲ್ಕು ದಿನ ತಡವಾದರೆ ಬೇರೆಯದೇ ವೈನ್. ಹೊರಗಿನ ನೂರಾರು ರೈತರಿಂದ ತೂಕದ ಲೆಕ್ಕದಲ್ಲಿ ದ್ರಾಕ್ಷಿ ಕೊಳ್ಳುವ ಕಾರ್ಖಾನೆಯಲ್ಲಿ ಬೆಳೆಯುವವನ ಹಿತ ಹೆಚ್ಚು ನೀರು ಬಿಡುವುದರಲ್ಲಿದೆ, ಕೊಳ್ಳುವವನ ಹಿತ ಕಡಿಮೆ ಬಿಡುವುದರಲ್ಲಿದೆ. ಬಳ್ಳಿಯೂ ಬಾಟಲಿಯೂ ಒಬ್ಬರದೇ ಆದಾಗ ಈ ಜಗಳ ಹುಟ್ಟುವುದಿಲ್ಲ. ನಂದಿಬೆಟ್ಟದ ಬಳಿ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಶಾಂಪೇನಿನ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಪ್ರಯೋಗಿಸಿದಾಗ, ಅವಸರವಿಲ್ಲದೆ ವರ್ಷಗಳನ್ನು ಪರೀಕ್ಷೆಗೇ ಬಿಟ್ಟದ್ದು ಒಂದು ಮನೆತನದ ಹಠ. ಆ ತೋಟ ಮುಂದೆ ದೊಡ್ಡ ಕಂಪನಿಯಾಯಿತು. ಜಾಗ್ರತೆ ಇದ್ದರೆ ದೊಡ್ಡವರೂ ತುಂಡುತುಂಡಾಗಿ ತೋಟವನ್ನು ನೋಡಿಕೊಳ್ಳಬಲ್ಲರು. ಕರ್ನಾಟಕದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ನಂತರ ಚಿಕ್ಕವರಿಗೂ ದಾರಿ ಸುಗಮವಾಯಿತು.

ಕಡೆಯ ಆಕ್ಷೇಪ ಎಲ್ಲಕ್ಕಿಂತ ಕಟುವಾದದ್ದು: ಇದೆಲ್ಲ ಹೆಸರಿನ ಮಾಯೆ, ಬೆಲೆಯ ಮೋಹ. ಇದಕ್ಕೂ ಸಾಕ್ಷ್ಯ ಬಲವಾಗಿದೆ. ಸ್ವತಃ ಚಿಕ್ಕ ವೈನರಿ ನಡೆಸುತ್ತಿದ್ದ ರಾಬರ್ಟ್ ಹಾಜ್‌ಸನ್ ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಗುಟ್ಟಾಗಿ ಕೊಡಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಸುಮಾರು ಶೇಕಡ 10 ಮಾತ್ರ. ಅದೇ ವರ್ಷ ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು, ಒಂದೇ ವೈನಿಗೆ 10 ಡಾಲರ್ ಬದಲು 90 ಡಾಲರ್ ಎಂದು ಹೇಳಿದಾಗ ಕುಡಿದವರ ಮಿದುಳಿನ ಸುಖದ ಭಾಗ ಹೆಚ್ಚು ಬೆಳಗಿತು ಎಂದು ತೋರಿಸಿದರು. ಈ ಅಧ್ಯಯನಗಳನ್ನು ಅಲ್ಲಗಳೆಯುವುದು ತಪ್ಪು. ಆದರೆ ಅವು ಹೇಳುವುದು ನಾಲಿಗೆಯ ತೀರ್ಪು ಮತ್ತು ಬೆಲೆಚೀಟಿ ನಂಬಲರ್ಹವಲ್ಲ ಎಂದು. ಹಣ್ಣುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದಲ್ಲ. ಸಿಪ್ಪೆಯ ಆಂಥೋಸಯನಿನ್, ಟ್ಯಾನಿನ್, ರಸದ ಹುಳಿ ಇವುಗಳನ್ನು ಉಪಕರಣ ಅಳೆಯುತ್ತದೆ, ಉಪಕರಣಕ್ಕೆ ಬೆಲೆ ಗೊತ್ತಿಲ್ಲ. ಈ ಅಧ್ಯಾಯದ ವಾದ ನಿಂತಿರುವುದು ಆ ಅಳತೆಗಳ ಮೇಲೆ. ಬಾಟಲಿಗೆ ಎಷ್ಟು ಕೊಡಬೇಕೆಂಬುದು ಅದರ ವ್ಯಾಪ್ತಿಯಲ್ಲಿಲ್ಲ.

ಈಗ ಆ ಕ್ಯಾಲೆಂಡರೇ ಅಲುಗಾಡುತ್ತಿದೆ. 2019ರ ಅಕ್ಟೋಬರ್-ನವೆಂಬರಿನ ಅಕಾಲ ಮಳೆ ಮಹಾರಾಷ್ಟ್ರದ ನಾಸಿಕ್ ಸೀಮೆಯ ದ್ರಾಕ್ಷಿಯನ್ನು ಎಷ್ಟು ಹಾಳುಮಾಡಿತೆಂದು ಬೆಳೆಗಾರರು ಮರೆತಿಲ್ಲ. ಎರಡನೆಯ ಚಾಟ್ನಿಯ ಎಳೆ ಚಿಗುರಿನ ಮೇಲೆ ಬೀಳುವ ಮಳೆ ಕೆಲವು ವಾರಗಳ ಮಟ್ಟಿಗೆ ಬಯಲುಸೀಮೆಯನ್ನೂ ಡಿಚೋಲಿ ಮಾಡಿಬಿಡುತ್ತದೆ. ತಳಿಗಳ ವಿಷಯದಲ್ಲಿ ಅತ್ಯಂತ ಬಿಗುವಾದ ಬೋರ್ಡೋ ಕೂಡ ಬಿಸಿಯೇರುತ್ತಿರುವ ಹವೆಗೆ ಹೆದರಿ 2021ರಲ್ಲಿ ಪೋರ್ಚುಗಲ್ಲಿನ ತೂರಿಗಾ ನಾಸಿಯೊನಾಲ್ ಸೇರಿದಂತೆ ಆರು ಹೊಸ ತಳಿಗಳನ್ನು ಒಳಬಿಟ್ಟುಕೊಂಡಿತು. ನಮ್ಮ ಚಿಕ್ಕ ತೋಟಗಳು ಇದಕ್ಕೆ ಅಣಿಯಾಗಬೇಕಾದರೆ ಮೊದಲು ತಮ್ಮ ಲೆಕ್ಕವನ್ನು ಬಯಲಿಗಿಡಬೇಕು. ಬಾಟಲಿಯ ಚೀಟಿಯ ಮೇಲೆ ಇಸವಿ ಮತ್ತು ಊರಿನ ಜೊತೆಗೆ ಆ ವರ್ಷದ ಎರಡು ಚಾಟ್ನಿಗಳ ದಿನಾಂಕ, ಕೊಯ್ಲಿನ ದಿನಾಂಕ, ಎರಡನೆಯ ಚಾಟ್ನಿಯಿಂದ ಕೊಯ್ಲಿನವರೆಗೆ ಬಿದ್ದ ಮಳೆ ಮಿಲಿಮೀಟರುಗಳಲ್ಲಿ ಅಚ್ಚಾಗಲಿ. ನಾಲ್ಕೇ ಸಾಲಿನ ಮಾಹಿತಿ. ಹತ್ತು ವರ್ಷ ಹಾಗೆ ಅಚ್ಚಾದರೆ, ಕೊಪ್ಪಳದಲ್ಲಿ ಕ್ಯಾಬರ್ನೆಯನ್ನು ಯಾವ ವಾರ ಕತ್ತರಿಸಬೇಕು, ಅಥವಾ ಅದನ್ನು ಬಿಟ್ಟು ಯಾವ ತಳಿಗೆ ಹೋಗಬೇಕು ಎಂಬುದನ್ನು ಪಕ್ಕದ ಹಳ್ಳಿಯ ರೈತನೂ ಓದಿ ತಿಳಿದುಕೊಳ್ಳಬಹುದು.